ಬಿಡಿಸಿ ಬರೆದ ಸಾಲುಗಳು

ಶಿರಸಿ
12 ನವೆಂಬರ್ 2024, ಮಂಗಳವಾರ

ಪ್ರೀತಿಯ ಭೂಮಿಕಾ,

ನಿನ್ನ ಮದುವೆಯ ಕಾಗದ ಬಂದು ಒಂದೂವರೆ ವರ್ಷವಾಯಿತು. ಅದರ ಹಿಂದೆ ನಿನ್ನ ಕೈಯಿಂದಲೇ ‘ಅಮ್ಮಿಯನ್ನೂ ಕರೆದುಕೊಂಡು ಬಾ’ ಎಂದು ಬರೆದಿದ್ದೆ. ಅಮ್ಮಿ ಹೊರಟೇ ನಿಂತಿದ್ದಳು. ಆಫೀಸಿನಲ್ಲಿ ಕೆಲಸವಿದೆ ಎಂದು ಸುಳ್ಳು ಹೇಳಿ ತಡೆದವಳು ನಾನು. ಸಿದ್ದಾಪುರವೇನು ದೂರವೇ? ಬೆಳಿಗ್ಗೆ ಬಸ್ಸು ಹತ್ತಿದರೆ ಊಟದ ಹೊತ್ತಿಗೆ ಬಂದು ಕೂರಬಹುದಿತ್ತು. ಆಮೇಲೆ ನೀನು ಅಲ್ಲಿನ ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಮಾಡುತ್ತಿದ್ದೀಯೆಂದು ಕೇಳಿದೆ, ಸಂತೋಷವೂ ಆಯಿತು. ಅದನ್ನಾದರೂ ಎರಡು ಸಾಲಿನಲ್ಲಿ ತಿಳಿಸಬಹುದಿತ್ತು, ತಿಳಿಸಲಿಲ್ಲ. ಈಗ ಒಮ್ಮೆಲೇ ಇಷ್ಟುದ್ದ ಬರೆಯಲು ಕೂತಿದ್ದೇನೆ. ಕೋಪವಿದ್ದರೆ ಇರಲಿ, ಆದರೆ ಹರಿದು ಹಾಕುವ ಮೊದಲು ಕೊನೆಯವರೆಗೆ ಓದು.

ಅಮ್ಮಿಗೆ ಮೊಣಕಾಲು ನೋವು, ಆದರೆ ಬಾಯಿ ಮೊದಲಿನಷ್ಟೇ ಚುರುಕು. ಅಣ್ಣ ಅತೀಕ್ ಲಾರಿ ಬಿಟ್ಟು ಸ್ವಂತಕ್ಕೆ ಒಂದು ಟೆಂಪೊ ಇಟ್ಟುಕೊಂಡಿದ್ದಾನೆ, ಯಲ್ಲಾಪುರದ ಕಡೆಗೆ ಸಾಮಾನು ಹೊಡೆಯುತ್ತಾನೆ. ನಾನು ಅದೇ ಆಫೀಸು, ಅದೇ ಕಿಟಕಿ. ನೀನು ಕೂರುತ್ತಿದ್ದ ಕುರ್ಚಿಯಲ್ಲಿ ಈಗ ಪ್ರಿಂಟರ್ ಕಾಗದದ ಕಟ್ಟು ಇಟ್ಟಿದ್ದಾರೆ.

ನಮ್ಮ ಔಷಧಿ ಚೀಟಿಯ ಕೆಲಸ ನೀನಿದ್ದಾಗ ಆರು ಕ್ಲಿನಿಕ್ಕುಗಳಲ್ಲಿತ್ತಲ್ಲ, ಈಗ ಶಿರಸಿ, ಸಿದ್ದಾಪುರ, ಯಲ್ಲಾಪುರ ಮೂರೂ ತಾಲ್ಲೂಕು ಸೇರಿ ಹತ್ತೊಂಬತ್ತರಲ್ಲಿದೆ. ಡಾಕ್ಟರು ಗಡಿಬಿಡಿಯಲ್ಲಿ ತಮ್ಮದೇ ಸಂಕೇತದಲ್ಲಿ ಟೈಪ್ ಮಾಡುತ್ತಾರೆ. ಅದರಲ್ಲಿ ಮಾತ್ರೆಯ ಹೆಸರು ಯಾವುದು, ಎಷ್ಟು, ಯಾವ ಹೊತ್ತಿಗೆ ಎಂದು ನಮ್ಮ ಪ್ರೋಗ್ರಾಮು ಹುಡುಕಿ ತೆಗೆದು ದೊಡ್ಡ ಕನ್ನಡ ಅಕ್ಷರದಲ್ಲಿ ಚೀಟಿ ಮಾಡಿಕೊಡುತ್ತದೆ. ಹುಡುಕುವ ಆ ಕೆಲಸವನ್ನೆಲ್ಲ ಮಾಡುವುದು ನಾನು ಬರೆದ ಒಂದೇ ಒಂದು ಸಾಲು. ಅದು ನಿನಗೆ ಗೊತ್ತು. ನಿನಗಿಂತ ಚೆನ್ನಾಗಿ ಯಾರಿಗೆ ಗೊತ್ತಿರಬೇಕು?

ಕಳೆದ ಮಂಗಳವಾರ ಹನ್ನೊಂದು ಗಂಟೆಯ ಸುಮಾರಿಗೆ ಆಫೀಸಿಗೆ ಒಂದು ಫೋನ್ ಬಂತು. ಗುಡ್ನಾಪುರದ ಸುನೀಲ ಎನ್ನುವವರು. ‘ಈ ಚೀಟಿ ಕೆಳಗ ನಿಮ್ಮ ನಂಬರ್ ಐತ್ರಿ, ಅದಕ್ಕ ಹಚ್ಚೀನಿ’ ಎಂದರು. ‘ನಮ್ಮವ್ವನ ವಸಡ್ನ್ಯಾಗಿಂದ ರಕ್ತ ಬರಾಕತ್ತೈತ್ರಿ. ನಿನ್ನೆಯಿಂದ ನಿಂದ್ರವಲ್ದು. ಶಿರಸಿ ದವಾಖಾನಿಗೆ ಕರಕೊಂಡು ಬಂದೀನಿ. ಇಲ್ಲಿ ಡಾಕ್ಟ್ರು ಚೀಟಿ ನೋಡಿ ಬೈಯಾಕತ್ತಾರ. ನೀವ ಬಂದು ಹೇಳ್ರಿ.’

ಹೋದೆ. ನಡೆದುಕೊಂಡೇ ಹೋಗಬಹುದಾದಷ್ಟು ಹತ್ತಿರ, ಆದರೂ ರಿಕ್ಷಾ ಹತ್ತಿದೆ. ಚೌಡಮ್ಮ ಎಂಬ ಅರವತ್ತೆಂಟು ವರ್ಷದ ಹೆಂಗಸು, ಹೃದಯದ ಕವಾಟ ಬದಲಾಯಿಸಿಕೊಂಡವರು. ರಕ್ತ ತೆಳುವಾಗಿರುವುದಕ್ಕೆ ದಿನಾ ಒಂದು ಮಾತ್ರೆ. ಪರೀಕ್ಷೆಯಲ್ಲಿ ರಕ್ತ ವಿಪರೀತ ತೆಳುವಾಗಿದೆ ಎಂದು ಕಂಡು, ಅವರೂರಿನ ಕಡೆಯ ಕ್ಲಿನಿಕ್ಕಿನ ಡಾಕ್ಟರ್ ನಮಿತಾ ಪ್ರಮಾಣ ಇಳಿಸಿ ಅರ್ಧ ಮಿಲಿಗ್ರಾಂ ಮಾಡಿದ್ದರು. ಚೀಟಿಯಲ್ಲಿ ಬಂದದ್ದು ಐದು ಮಿಲಿಗ್ರಾಂ. ಐದರ ಮಾತ್ರೆಯೂ ಅಂಗಡಿಯಲ್ಲಿ ಸಿಗುವಂಥದ್ದೇ. ಹಾಗಾಗಿ ಔಷಧಿ ಅಂಗಡಿಯವರಿಗೂ ಅನುಮಾನ ಬರಲಿಲ್ಲ. ನಾಲ್ಕು ದಿನ ತೆಗೆದುಕೊಂಡಿದ್ದಾರೆ.

ವಾರ್ಡಿನ ಡಾಕ್ಟರು ಚೀಟಿಯನ್ನು ನನ್ನ ಮುಖದ ಮುಂದೆ ಹಿಡಿದರು. ‘ಕಮ್ಮಿ ಮಾಡಬೇಕಾದವರಿಗೆ ಹತ್ತು ಪಟ್ಟು ಕೊಟ್ಟಿದ್ದೀರಿ. ಇನ್ನೆರಡು ದಿನ ಬಿಟ್ಟಿದ್ದರೆ ತಲೆಯೊಳಗೆ ರಕ್ತಸ್ರಾವ ಆಗುತ್ತಿತ್ತು. ಆಗ ವಸಡಿನ ಹಾಗೆ ಹೊರಗೆ ಕಾಣಿಸುವುದಿಲ್ಲ.’

ಚೌಡಮ್ಮನವರು ಬಾಯಿಗೆ ಟವೆಲ್ ಒತ್ತಿಕೊಂಡು ಕೂತಿದ್ದರು. ‘ನೀ ಯಾರವ್ವ?’ ಎಂದು ಕೇಳಿದರು. ಚೀಟಿ ಮಾಡುವ ಆಫೀಸಿನವಳು ಎಂದೆ. ಅವರು ಟವೆಲ್ ತೆಗೆದು ಏನು ಹೇಳಿದರು ಗೊತ್ತಾ? ‘ಭಾಳ ಚೊಲೋ ಮಾಡೀರಿ ಚೀಟಿ. ಅಕ್ಷರ ದೊಡ್ಡವು. ನಾ ಎರಡನೇತ್ತ ಸಾಲಿ ಕಲ್ತಾಕಿ, ನನಗೂ ಓದಾಕ ಬರತಾವು. ನೋಡಿ ನೋಡಿನ ತಗೊಂಡೀನಿ, ಒಂದ ದಿನಾನೂ ತಪ್ಪಿಸಿಲ್ಲ.’

ಅವರ ಹಲ್ಲಿನ ಸಂದಿಯೆಲ್ಲ ಕೆಂಪಾಗಿತ್ತು. ನಾನು ತಲೆಯಾಡಿಸಿ ಹೊರಗೆ ಬಂದು, ಮೆಟ್ಟಿಲ ಮೇಲೆ ಕೂತುಬಿಟ್ಟೆ.

ಆಫೀಸಿಗೆ ಬಂದು ಡಾಕ್ಟರ್ ನಮಿತಾ ಟೈಪ್ ಮಾಡಿದ್ದನ್ನು ತೆಗೆದು ನೋಡಿದೆ. ಸರಿಯಾಗಿಯೇ ಇತ್ತು. ಆದರೆ 0.5 ಎಂದು ಬರೆಯದೆ, ಸೊನ್ನೆ ಬಿಟ್ಟು .5 ಎಂದು ಬರೆದಿದ್ದರು. ನನ್ನ ಸಾಲು ಅಂಕಿಯನ್ನು ಹುಡುಕುತ್ತ ಹೋಗಿ, ಚುಕ್ಕಿಯನ್ನು ದಾಟಿ, ಐದನ್ನು ಮಾತ್ರ ಎತ್ತಿಕೊಂಡು ಬಂದಿದೆ.

ನಮ್ಮ ಸಂಜಯ ಸರ್ ಬಂದು ಹಿಂದೆ ನಿಂತರು. ಈ ಪುಟ್ಟ ಕಂಪನಿ ಕಟ್ಟಿದವರು, ಎಂದೂ ದನಿ ಎತ್ತರಿಸದವರು. ಅವತ್ತು ಅವರ ಮುಖ ಸುಣ್ಣದ ಹಾಗಾಗಿತ್ತು. ‘ಹುಮಾ, ಆ ಸಾಲು ತೆಗಿ. ಎಲ್ಲಿ ತಪ್ಪಿದೆ ನೋಡುವ’ ಎಂದರು.

ತೆಗೆದೆ. ಭೂಮಿ, ನನಗೆ ಓದಲಾಗಲಿಲ್ಲ. ಇನ್ನೂರ ಹನ್ನೆರಡು ಗುರುತು, ನಡುವೆ ಒಂದು ಖಾಲಿ ಜಾಗವಿಲ್ಲ. ಕಂಸದೊಳಗೆ ಕಂಸ, ಓರೆಗೆರೆ, ನಕ್ಷತ್ರ, ಪ್ರಶ್ನೆಚಿಹ್ನೆ. ನಾನೇ ಬರೆದದ್ದು. ಬರೆದಾಗ ಪ್ರತಿಯೊಂದು ಗುರುತೂ ಗೊತ್ತಿತ್ತು. ಈಗ ಯಾವ ಕಂಸ ಎಲ್ಲಿ ಮುಚ್ಚುತ್ತದೆ ಎಂದು ಬೆರಳಿಟ್ಟು ಎಣಿಸಿದರೆ ಮೂರು ಸಲ ಮೂರು ಲೆಕ್ಕ ಬಂತು.

‘ಸದ್ಯಕ್ಕೆ ಆ ಚುಕ್ಕಿಯದೊಂದು ಸರಿ ಮಾಡಿ ಕಳಿಸಿಬಿಡು’ ಎಂದರು ಸರ್.

‘ಆಗುವುದಿಲ್ಲ ಸರ್. ಒಂದು ಗುರುತು ಮುಟ್ಟಿದರೆ ಇನ್ನೆಲ್ಲಿ ಕೆಡುತ್ತದೋ ನನಗೇ ಗೊತ್ತಿಲ್ಲ.’

‘ನೀನೇ ಬರೆದದ್ದಲ್ಲವಾ?’

‘ಹೌದು. ಆದರೂ ಗೊತ್ತಿಲ್ಲ. ಮೊದಲು ಎಲ್ಲ ಕಡೆ ಚೀಟಿ ನಿಲ್ಲಿಸಿ ಸರ್.’

‘ಎಂತಕ್ಕೆ ನಿಲ್ಲಿಸಿದ್ರಿ ಅಂತ ಕೇಳ್ತಾರೆ ಹುಮಾ.’

‘ಕೇಳಲಿ.’

ಸರ್ ಬಾಗಿಲ ಹತ್ತಿರದ ಕುರ್ಚಿ ಎಳೆದುಕೊಂಡು ಹತ್ತೊಂಬತ್ತು ಕ್ಲಿನಿಕ್ಕಿಗೂ ತಾವೇ ಫೋನ್ ಮಾಡಿದರು. ‘ನಮ್ಮಲ್ಲಿ ತಪ್ಪಾಗಿದೆ. ಇವತ್ತಿನಿಂದ ಕೈಯಲ್ಲೇ ಬರೆದುಕೊಡಿ’ ಎಂದು ಹತ್ತೊಂಬತ್ತು ಸಲ ಹೇಳಿದರು. ನನ್ನ ಹೆಸರು ಎಲ್ಲಿಯೂ ಎತ್ತಲಿಲ್ಲ.

ಮರುದಿನ ಮನೆಯಲ್ಲೇ ಕೂತು ಆ ಸಾಲನ್ನು ಬಿಡಿಸತೊಡಗಿದೆ. ಖಾಲಿ ಜಾಗವನ್ನೂ ಟಿಪ್ಪಣಿಯನ್ನೂ ಲೆಕ್ಕಕ್ಕೆ ಹಿಡಿಯಬೇಡ ಎಂದು ಮೊದಲೇ ಒಂದು ಗುರುತು ಕೊಟ್ಟುಬಿಟ್ಟರೆ, ನಾವು ಪ್ರೋಗ್ರಾಮು ಬರೆಯುವ ಭಾಷೆ ಅದೇ ಸಾಲನ್ನು ಹತ್ತಾರು ಸಾಲಾಗಿ ಒಡೆದು ಬರೆಯಲು ಬಿಡುತ್ತದಲ್ಲ. ಯಾವಾಗಿನಿಂದಲೂ ಬಿಡುತ್ತಿತ್ತು. ಒಂದೊಂದು ತುಂಡನ್ನೂ ಬೇರೆ ಸಾಲಿಗೆ ಇಳಿಸಿದೆ. ಒಂದೊಂದಕ್ಕೂ ಹೆಸರಿಟ್ಟೆ: ಮಾತ್ರೆ, ಎಷ್ಟು, ಅಳತೆ, ಹೊತ್ತು. ಪ್ರತಿ ಸಾಲಿನ ಪಕ್ಕದಲ್ಲಿ, ಇದು ಏನನ್ನು ಹಿಡಿಯುತ್ತದೆ ಎಂದು ಕನ್ನಡದಲ್ಲಿ ಬರೆದೆ. ಕೆಳಗೆ ಉದಾಹರಣೆ: ಇದು ಬಂದರೆ ಸಿಗಬೇಕು, ಇದು ಬಂದರೆ ಸಿಗಬಾರದು.

ಅಮ್ಮಿ ಬಟಾಣಿ ಸುಲಿಯುತ್ತ ಎದುರು ಕೂತಿದ್ದಳು. ನನ್ನ ಮುಖ ನೋಡಿ, ‘ಅದೇನು ಅಂತ ನನಗೂ ಹೇಳು, ಒಬ್ಬಳೇ ಕೂತು ಹೆದರಬೇಡ’ ಎಂದಳು.

ಹೇಳಿದೆ. ‘ಅಮ್ಮಿ, ಒಂದು ರಾಶಿ ಅಕ್ಷರದಲ್ಲಿ ಇಂಥ ಆಕಾರ ಇರುವುದನ್ನು ಹುಡುಕು ಅಂತ ಯಂತ್ರಕ್ಕೆ ಹೇಳುವ ರೀತಿ ಇದು. ಬಟಾಣಿ ಹೇಗಿರುತ್ತದೆ ಅಂತ ಕುರುಡರಿಗೆ ಹೇಳಿ, ಮೊರದಿಂದ ಆರಿಸಲು ಬಿಟ್ಟ ಹಾಗೆ. ಸರಿಯಾಗಿ ಹೇಳದೆ ಇದ್ದರೆ ಕಲ್ಲನ್ನೂ ಆರಿಸುತ್ತದೆ.’

‘ಹಾಗಾದರೆ ನೀನು ಏನು ಹೇಳಿದ್ದೀಯ, ಓದು.’

ಓದಿದೆ. ‘ಎಷ್ಟು: ಒಂದು ಅಥವಾ ಹೆಚ್ಚು ಅಂಕಿ. ಅದರ ನಂತರ ಬೇಕಿದ್ದರೆ ಒಂದು ಚುಕ್ಕಿ, ಮತ್ತೆ ಅಂಕಿ. ಅಂಕಿಯೇ ಇಲ್ಲದೆ ಚುಕ್ಕಿಯಿಂದ ಶುರುವಾದರೂ ಸರಿ.’ ಕೊನೆಯದು ಆಗಷ್ಟೇ ಸೇರಿಸಿದ್ದು. ‘ಅಳತೆ: ಮಿಲಿಗ್ರಾಂ, ಎಂ.ಎಲ್., ಮಾತ್ರೆ, ಚಮಚ.’

ಅಮ್ಮಿಯ ಕೈ ನಿಂತಿತು. ‘ನನ್ನ ಬಿಪಿ ಮಾತ್ರೆ ಅರ್ಧ ಅಲ್ಲವಾ? ಡಾಕ್ಟರು ಒಂದು ಬರೆದು, ಗೆರೆ ಹಾಕಿ, ಕೆಳಗೆ ಎರಡು ಬರೆಯುತ್ತಾರೆ. ಆ ಆಕಾರ ಹೇಳಿದ್ದೀಯಾ?’

ಭೂಮಿ, ಹೇಳಿರಲಿಲ್ಲ. 1/2 ಮಾತ್ರೆ. ಹಳೆಯ ಸಾಲಿಗೆ ಕೊಟ್ಟು ನೋಡಿದೆ. ಅದು ಗೆರೆಯನ್ನೂ ಅದರ ಮೊದಲಿದ್ದ ಒಂದನ್ನೂ ಬಿಟ್ಟು ‘2 ಮಾತ್ರೆ’ ಎಂದು ಹಿಡಿದುಕೊಂಡು ಬಂತು. ಅರ್ಧ ಎಂದು ಬರೆದರೆ ಎರಡು!

‘ಏನು ಬಂತು?’ ಎಂದಳು ಅಮ್ಮಿ. ನನ್ನ ಮುಖ ನೋಡಿಯೇ ಅವಳಿಗೆ ಗೊತ್ತಾಯಿತು. ಬಟಾಣಿಯ ಮೊರ ಪಕ್ಕಕ್ಕಿಟ್ಟು ಬಂದು ನನ್ನ ತಲೆಯ ಮೇಲೆ ಕೈಯಿಟ್ಟಳು. ಮೂರನೇ ಕ್ಲಾಸಿನ ತನಕ ಉರ್ದು ಓದಿದ ನನ್ನ ಅಮ್ಮಿ, ಕಿವಿಯಲ್ಲಿ ಕೇಳಿಯೇ ಹಿಡಿದದ್ದನ್ನು ನಾನು ಅಷ್ಟು ವರ್ಷ ಕಣ್ಣಲ್ಲಿ ನೋಡಿಯೂ ಹಿಡಿದಿರಲಿಲ್ಲ. ನೋಡಿದ್ದೆ ಎಂದರೂ ಸುಳ್ಳೇ. ಆ ಸಾಲನ್ನು ಯಾರೂ ನೋಡುತ್ತಿರಲಿಲ್ಲ. ದಾಟಿ ಹೋಗುತ್ತಿದ್ದೆವು.

ಗುರುವಾರ ಇಡೀ ದಿನ ಪರೀಕ್ಷೆ ಮಾಡಿದೆ. ಶುಕ್ರವಾರ ಎಲ್ಲಕ್ಕಿಂತ ಹೆದರಿದ್ದ ಕೆಲಸ. ಇಷ್ಟು ವರ್ಷ ಡಾಕ್ಟರುಗಳು ಟೈಪ್ ಮಾಡಿದ್ದನ್ನೆಲ್ಲ ಹಳೆಯ ಸಾಲಿಗೂ ಹೊಸ ಸಾಲುಗಳಿಗೂ ಕೊಟ್ಟು, ಎಲ್ಲೆಲ್ಲಿ ಎರಡರ ಉತ್ತರ ಬೇರೆ ಬರುತ್ತದೆ ಎಂದು ನೋಡುವುದು. ಹೆಚ್ಚಿನ ಡಾಕ್ಟರುಗಳು ಸೊನ್ನೆ ಹಾಕಿಯೇ ಬರೆಯುತ್ತಾರೆ, ಅರ್ಧಕ್ಕೆ ‘ಅರ್ಧ’ ಎಂದೇ ಟೈಪ್ ಮಾಡುತ್ತಾರೆ. ಹಾಗಾಗಿ ಒಂದೋ ಎರಡೋ ಇರಬಹುದು ಎಂದು ಮನಸ್ಸಿಗೆ ಹೇಳಿಕೊಳ್ಳುತ್ತಿದ್ದೆ. ಮಧ್ಯಾಹ್ನದ ನಮಾಜಿಗೆ ಬಾಂಗ್ ಕೊಡುವಾಗ ಪಟ್ಟಿ ಬಂತು. ಮೂವತ್ತೇಳು ಚೀಟಿ. ಇಪ್ಪತ್ತಾರು ಮಂದಿ.

ಅಂಕಿ ಎಂದರೆ ಅಂಕಿ ಅಷ್ಟೆ ಎನ್ನುತ್ತಿದ್ದೆವಲ್ಲ. ಆ ಇಪ್ಪತ್ತಾರಕ್ಕೂ ಹೆಸರಿತ್ತು, ವಯಸ್ಸಿತ್ತು, ಊರಿತ್ತು.

ಶನಿವಾರ ಬೆಳಿಗ್ಗೆ ಸಂಜಯ ಸರ್, ಡಾಕ್ಟರ್ ನಮಿತಾ, ನಾನು ಮೂವರೂ ಆಫೀಸಿನಲ್ಲಿ ಕೂತು ಪಟ್ಟಿ ಹಂಚಿಕೊಂಡೆವು. ಡಾಕ್ಟರಿಗೆ ಚೌಡಮ್ಮನವರದೇ ಚಿಂತೆ. ‘ನಾನು ಒಂದು ಸೊನ್ನೆ ಹಾಕಿದ್ದರೆ ಆಗುತ್ತಿತ್ತು’ ಎನ್ನುತ್ತಲೇ ಇದ್ದರು. ‘ನೀವು ಬರೆದದ್ದು ಸರಿಯಾಗಿಯೇ ಇತ್ತು ಡಾಕ್ಟರೇ’ ಎಂದೆ.

ಪ್ರತಿ ನಂಬರು ಒತ್ತುವಾಗಲೂ ಒಂದೇ ಹೆದರಿಕೆ, ಆ ಕಡೆಯಿಂದ ಏನು ಕೇಳಬೇಕಾಗುತ್ತದೋ ಎಂದು. ಫೋನ್ ರಿಂಗ್ ಆಗುತ್ತಿರುವಾಗ ಯಾರೂ ಎತ್ತದಿರಲಿ ಎಂದುಕೊಳ್ಳುತ್ತಿದ್ದೆ. ಎತ್ತದಿದ್ದರೆ ಅದಕ್ಕಿಂತ ಹೆಚ್ಚು ಹೆದರುತ್ತಿದ್ದೆ. ಒಬ್ಬೊಬ್ಬರೇ ‘ಆರಾಮ ಇದ್ದೇನೆ’ ಎಂದರು. ಹಲವರಿಗೆ ಔಷಧಿ ಅಂಗಡಿಯವರು ಕ್ಲಿನಿಕ್ಕಿಗೆ ಫೋನ್ ಮಾಡಿ ಕೇಳಿ ಸರಿಮಾಡಿ ಕೊಟ್ಟಿದ್ದರು. ಕೆಲವರಿಗೆ ನರ್ಸು ಪೆನ್ನಿನಲ್ಲಿ ತಿದ್ದಿದ್ದರು. ಕ್ಲಿನಿಕ್ಕಿನವರು ಯಾರೂ ನಮಗೆ ತಿಳಿಸಿರಲಿಲ್ಲ. ತಪ್ಪು ತಮ್ಮ ಡಾಕ್ಟರದೇ ಇರಬೇಕೆಂದು ಮುಚ್ಚಿಟ್ಟುಕೊಂಡಿದ್ದರು.

ಹುಲಗೋಳದ ಬೈರ ಎಂಬವರ ಫೋನ್ ಸ್ವಿಚ್ ಆಫ್ ಆಗಿತ್ತು. ಎಪ್ಪತ್ತೊಂದು ವರ್ಷ, ಸಕ್ಕರೆ ಕಾಯಿಲೆ, ಅರ್ಧ ಮಾತ್ರೆ. ಚೀಟಿ ಆಗಿ ಹತ್ತೇ ದಿನ. ‘ಸಕ್ಕರೆ ಮಾತ್ರೆ ನಾಲ್ಕು ಪಟ್ಟು ಆದರೆ ಮಲಗಿದವರು ಏಳದೇ ಇರಬಹುದು’ ಎಂದರು ಡಾಕ್ಟರ್ ನಮಿತಾ. ಅತೀಕನಿಗೆ ಫೋನ್ ಮಾಡಿದೆ. ಅವನು ಸಾಮಾನು ಅರ್ಧ ಇಳಿಸಿದ್ದವನು ಹಾಗೇ ಟೆಂಪೊ ತಿರುಗಿಸಿಕೊಂಡು ಬಂದ. ದಾರಿಯುದ್ದಕ್ಕೂ ಹಾರ್ನ್ ಮೇಲಿಂದ ಕೈ ತೆಗೆಯಲಿಲ್ಲ.

ಮನೆ ಮುಂದೆ ಹೋದರೆ ಬಾಗಿಲು ಎಳೆದುಕೊಂಡಿತ್ತು. ಕರೆದೆ, ಉತ್ತರವಿಲ್ಲ. ಪಕ್ಕದ ಮನೆಯ ಹೆಂಗಸು ಹೊರಗೆ ಬಂದು, ‘ಬೈರಜ್ಜನ್ನ ಕೇಳ್ತ್ರಾ? ಬೆಳಿಗ್ಗೆಯಿಂದ ಕಾಣಲ್ಲೆ. ಮೊನ್ನೆ ತಲೆ ತಿರುಗ್ತು ಹೇಳ್ತಿದ್ದ’ ಎಂದಳು. ಅತೀಕ್ ಬಾಗಿಲು ದೂಡಿದ. ಒಳಗೆ ಚಾಪೆ ಇತ್ತು, ಕಂಬಳಿ ಇತ್ತು, ಮನುಷ್ಯ ಇರಲಿಲ್ಲ. ನೀರಿನ ಲೋಟದ ಪಕ್ಕದಲ್ಲಿ ನಮ್ಮ ಚೀಟಿ ಇತ್ತು. ‘ಬೆಳಿಗ್ಗೆ 2 ಮಾತ್ರೆ.’ ಆ ದೊಡ್ಡ ಅಕ್ಷರ ಬಾಗಿಲಿನಿಂದಲೇ ಓದಲು ಬರುತ್ತಿತ್ತು.

ಹಿತ್ತಲಿನಿಂದ ಗದ್ದೆಗೆ ಓಡಿದೆವು. ನಾನು ‘ಅಜ್ಜಾ’ ಎಂದು ಕೂಗುತ್ತಿದ್ದೆ, ದನಿ ಹೊರಡುತ್ತಿತ್ತೋ ಇಲ್ಲವೋ ಗೊತ್ತಿಲ್ಲ. ಬದುವಿನ ಆಚೆ ಒಬ್ಬರು ಬಗ್ಗಿ ಕೂತಿದ್ದರು, ಅಲ್ಲಾಡುತ್ತಿರಲಿಲ್ಲ. ಅತೀಕ್ ಮೊದಲು ತಲುಪಿದ. ಅವನು ತಿರುಗಿ ನನ್ನ ಕಡೆ ಕೈಯೆತ್ತಿದ. ಆ ಕೈಯ ಅರ್ಥ ಏನೆಂದು ತಿಳಿಯದೆ ನಾನು ನಿಂತಲ್ಲೇ ನಿಂತೆ.

ಬೈರಜ್ಜ ಬಿಸಿಲಿಗೆ ಮೈ ಕಾಯಿಸುತ್ತ ಎಲೆಯಡಿಕೆಯ ಕವಳ ಹಾಕುತ್ತಿದ್ದರು. ನಾವು ಏದುಸಿರು ಬಿಡುವುದನ್ನು ನೋಡಿ ಅವರೇ ಹೆದರಿದರು. ‘ಎಂತಾ ಆಯ್ತು? ಯಾರು ನೀವು?’

‘ಅಜ್ಜ, ಸಕ್ಕರೆ ಮಾತ್ರೆ ಎಷ್ಟು ತಗೊಳ್ತೀರಿ?’

‘ಆ ಮಾತ್ರೆಯಾ? ಎರಡು ದಿನ ಎರಡೆರಡು ತಗಂಡೆ. ಕಣ್ಣು ಕತ್ತಲೆ ಬಂತು, ಮೈಯೆಲ್ಲ ಬೆವರು. ನಿಮ್ಮ ಡಾಕ್ಟ್ರ ಸಾವಾಸ ಸಾಕು ಅಂತ ಬಿಟ್ಟುಬಿಟ್ಟೆ.’ ಆಮೇಲೆ ಅತೀಕನ ಕಡೆ ತಿರುಗಿ, ‘ಈ ಕೂಸು ಎಂತಕ್ಕೆ ಅಳ್ತದೆ?’ ಎಂದರು.

ಅವರನ್ನು ಟೆಂಪೊದಲ್ಲೇ ಕೂರಿಸಿಕೊಂಡು ಶಿರಸಿಗೆ ಬಂದು ತೋರಿಸಿದೆವು. ಮಾತ್ರೆ ಬಿಟ್ಟದ್ದಕ್ಕೆ ಸಕ್ಕರೆ ಏರಿತ್ತು, ಬೇರೇನೂ ಇಲ್ಲ. ಡಾಕ್ಟರು ಸರಿಯಾದ ಪ್ರಮಾಣ ಬರೆದು ಕೊಟ್ಟರು. ಹೊಸ ಚೀಟಿಯನ್ನು ಕೈಯಲ್ಲಿ ಹಿಡಿದು ಬೈರಜ್ಜ ನನ್ನನ್ನೇ ಕೇಳಿದರು, ‘ಇದಾದ್ರೂ ಖರೆಯಾ?’

ಚೌಡಮ್ಮನವರು ನಿನ್ನೆ ಮನೆಗೆ ಹೋದರು. ರಕ್ತ ನಿಂತಿದೆ. ಸುನೀಲ ಹೊರಡುವಾಗ ‘ಇನ್ನೊಬ್ರಿಗೆ ಹಿಂಗ ಆಗಬಾರದ್ರಿ’ ಎಂದಷ್ಟೇ ಹೇಳಿದರು. ಬೈದಿದ್ದರೆ ಸಹಿಸಬಹುದಿತ್ತು.

ಇಪ್ಪತ್ತೈದು ಜನ ಕ್ಷೇಮ. ಪಟ್ಟಿಯಲ್ಲಿ ಇನ್ನೊಬ್ಬರಿದ್ದರು. ಮಂಚಿಕೇರಿಯ ಸಮೀಉಲ್ಲಾ, ಅರವತ್ತೆರಡು, ಬಿಪಿಗೆ ಅರ್ಧ ಮಾತ್ರೆ. ಮಗಳು ಫೋನ್ ಎತ್ತಿದಳು. ‘ಅಬ್ಬಾ ತೀರಿಹೋಗಿ ಏಳು ತಿಂಗಳಾಯಿತು’ ಎಂದಳು. ಬಸ್ಸಿನಿಂದ ಇಳಿಯುವಾಗ ತಲೆಸುತ್ತಿ ಬಿದ್ದರಂತೆ, ಪೆಟ್ಟು ತಲೆಗೆ. ಬೀಳುವ ಎಂಟು ದಿನ ಮೊದಲಿನದು ನಮ್ಮ ಚೀಟಿ. ಯಾಕೆ ಕೇಳುತ್ತೀರಿ ಎಂದಳು. ಚೀಟಿಯಲ್ಲೊಂದು ತಪ್ಪಿತ್ತು, ಅದಕ್ಕೆ ಫೋನ್ ಮಾಡಿದೆ ಎಂದೆ. ‘ಇನ್ನು ಸರಿ ಮಾಡಿ ಏನು ಮಾಡ್ತೀರಿ ಅಕ್ಕಾ’ ಎಂದಳು. ಕೋಪದಿಂದ ಅಲ್ಲ, ನನ್ನನ್ನೇ ಸಮಾಧಾನ ಮಾಡುವ ಹಾಗೆ.

ಅವರು ಎರಡು ಮಾತ್ರೆ ತೆಗೆದುಕೊಳ್ಳುತ್ತಿದ್ದರೋ, ಅಂಗಡಿಯವರು ತಿದ್ದಿ ಕೊಟ್ಟಿದ್ದರೋ, ಬರೇ ಬಿಸಿಲಿಗೆ ತಲೆಸುತ್ತಿತೋ, ಯಾರಿಗೂ ಗೊತ್ತಿಲ್ಲ. ಗೊತ್ತಾಗುವ ದಾರಿಯೂ ಇಲ್ಲ ಎಂದರು ಡಾಕ್ಟರ್ ನಮಿತಾ. ಬರುವ ಭಾನುವಾರ ಸಂಜಯ ಸರ್ ಸಮೀಉಲ್ಲಾರ ಮನೆಗೆ ಹೋಗಿ ಇದ್ದದ್ದನ್ನು ಇದ್ದ ಹಾಗೆ ಹೇಳುವವರಿದ್ದಾರೆ. ನಾನೂ ಹೋಗುತ್ತೇನೆ. ಆ ಹುಡುಗಿಯ ಎದುರು ಕೂತು ಹೇಳಬೇಕು.

ಹೊಸ ಸಾಲುಗಳನ್ನು ಸರ್ ಕಾಗದದ ಮೇಲೆ ಮುದ್ರಿಸಿ ಡಾಕ್ಟರುಗಳಿಗೆಲ್ಲ ಕೊಡುತ್ತಿದ್ದಾರೆ. ಪಕ್ಕದ ಕನ್ನಡ ಟಿಪ್ಪಣಿ ಓದಿ ಅವರು ಸರಿ ಎಂದ ಮೇಲಷ್ಟೇ ಚೀಟಿ ಮತ್ತೆ ಶುರು. ಅನುಮಾನ ಬಂದ ಕಡೆ ಊಹೆ ಮಾಡದೆ ನಿಂತುಬಿಡುವ ಹಾಗೆ, ‘ಡಾಕ್ಟರನ್ನು ಕೇಳಿ’ ಎಂದು ಹೇಳುವ ಹಾಗೆಯೂ ಮಾಡಿದ್ದೇನೆ. ಯಲ್ಲಾಪುರದ ಒಬ್ಬ ಹಿರಿಯ ಡಾಕ್ಟರು ಓದಿ, ನಾನು ಯೋಚಿಸದೇ ಇದ್ದ ಇನ್ನೂ ಒಂದನ್ನು ತೋರಿಸಿದರು. ಯಾರು ಬೇಕಾದರೂ ಓದಬಹುದು ಈಗ. ಅದೇ ನನಗೆ ಇರುವ ಒಂದು ಧೈರ್ಯ.

ನಿನ್ನ ಯಜಮಾನರಿಗೆ ನನ್ನ ಸಲಾಂ ಹೇಳು. ಅಮ್ಮಿ ನಿನಗೆ ದುವಾ ಹೇಳಿದ್ದಾಳೆ. ನಿನ್ನ ಪಾಠ ಕೇಳುವ ಮಕ್ಕಳು ನಿನ್ನ ಹಾಗೆ ಆಗಲಿ, ನನ್ನ ಹಾಗೆ ಬೇಡ. ಅಲ್ಲಾಹನು ನಿನ್ನ ಮನೆಯಲ್ಲಿ ನೆಮ್ಮದಿ ಇಟ್ಟಿರಲಿ.

ನಿನ್ನ
ಹುಮಾ

ಮರೆತದ್ದಲ್ಲ, ಮೇಲೆ ಬರೆಯಲಾಗದೆ ಉಳಿಸಿಕೊಂಡದ್ದು:

ನಿನ್ನೆ ಸೋಮವಾರ ಸಂಜಯ ಸರ್ ಡಾಕ್ಟರುಗಳಿಗೆ ಕೊಡುವ ವರದಿ ಬರೆಯುತ್ತಿದ್ದರು. ಆ ಸಾಲು ಯಾವ ದಿನದಿಂದ ಹಾಗಿದೆ ಎಂದು ದಿನಾಂಕ ಬೇಕಾಗಿತ್ತು. ಅದಕ್ಕಾಗಿ ಹಳೆಯ ಬದಲಾವಣೆಗಳ ದಾಖಲೆ ತೆಗೆದೆ. ಅಲ್ಲಿ ನೀನಿದ್ದೆ. 8 ಜುಲೈ 2022, ಶುಕ್ರವಾರ. ಆ ಸಾಲನ್ನು ನೀನು ಬಿಡಿಸಿ ಹನ್ನೆರಡು ಸಾಲು ಮಾಡಿದ್ದೆ. ಪ್ರತಿಯೊಂದಕ್ಕೂ ಹೆಸರಿತ್ತು, ಪಕ್ಕದಲ್ಲಿ ಕನ್ನಡದಲ್ಲಿ ಟಿಪ್ಪಣಿ ಇತ್ತು. ನಾಲ್ಕನೆಯದರ ಪಕ್ಕದಲ್ಲಿ, ‘ಕೆಲವರು ಸೊನ್ನೆ ಬರೆಯದೆ ಬರೇ ಚುಕ್ಕಿ ಇಡುತ್ತಾರೆ.’ ಐದನೆಯದರ ಪಕ್ಕದಲ್ಲಿ, ‘1/2 ಅಂದರೆ ಅರ್ಧ, ಎರಡಲ್ಲ. ಹುಮಾಗೆ ತೋರಿಸಬೇಕು.’

ನೀನು ತೋರಿಸಿದ್ದೆ. ಬಕ್ರೀದ್ ಮುಗಿಸಿ ಸೋಮವಾರ ಬಂದ ನಾನು, ಎಲ್ಲರ ಎದುರಿಗೆ, ‘ಓದಲು ಬಾರದವರಿಗೆ ಹೀಗೆ ಬಿಡಿಸಿ ಬರೆಯಬೇಕಾಗುತ್ತದೆ’ ಎಂದು ನಕ್ಕೆ. ಒಂದೇ ಸಾಲಿನಲ್ಲಿ ಇಡೀ ಚೀಟಿ ಓದುವವಳೆಂದು ನನ್ನನ್ನು ಎಲ್ಲರೂ ಹೊಗಳುತ್ತಿದ್ದ ಕಾಲ ಅದು. ನಿನ್ನ ಹನ್ನೆರಡು ಸಾಲನ್ನು ಅಳಿಸಿ ನನ್ನದನ್ನೇ ಮತ್ತೆ ಹಾಕಿದೆ. ಅಳಿಸುವ ಮೊದಲು ಓದಲಿಲ್ಲ ಭೂಮಿ. ಒಂದನ್ನೂ ಓದಲಿಲ್ಲ. ಮುಂದಿನ ತಿಂಗಳು ನೀನು ಕೆಲಸ ಬಿಟ್ಟೆ. ಮೂವತ್ತೇಳು ಚೀಟಿಗಳಲ್ಲಿ ಮೂವತ್ತೈದು ಆ ಸೋಮವಾರದ ನಂತರದವು. ಮಂಚಿಕೇರಿಯದೂ.

ಸಂಜಯ ಸರ್ ಕೇಳಿದರು, ‘ಇದು ಹಿಂದೆ ಯಾರ ಗಮನಕ್ಕೂ ಬಂದಿರಲಿಲ್ಲವಾ?’ ನಿನ್ನ ಹೆಸರು ನನ್ನ ಪರದೆಯ ಮೇಲೆ ತೆರೆದೇ ಇತ್ತು. ‘ಇಲ್ಲ ಸರ್’ ಎಂದೆ.

ಈ ಕಾಗದವನ್ನು ಅಂಚೆ ಡಬ್ಬಿಗೆ ಹಾಕಿ, ಅಲ್ಲಿಂದ ನೇರ ಸಂಜಯ ಸರ್ ಹತ್ತಿರ ಹೋಗಿ ಹೇಳಬೇಕೆಂದಿದ್ದೇನೆ. ಮೆಟ್ಟಿಲು ಹತ್ತುವಾಗ ಧೈರ್ಯ ಸಾಯಬಹುದು, ನನಗೆ ನನ್ನ ಮೇಲೆ ನಂಬಿಕೆಯಿಲ್ಲ. ಡಬ್ಬಿಗೆ ಬಿದ್ದ ಕಾಗದವನ್ನು ಮಾತ್ರ ನಾನು ಅಳಿಸಲಾರೆ. ಅದಕ್ಕೇ ಮೊದಲು ನಿನಗೆ ಬರೆದೆ.